ಮುತ್ತಜ್ಜನ ಪಾಕ

ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ, ದೇವರಾಜ ಮಾರುಕಟ್ಟೆಗೆ ಅಂಟಿಕೊಂಡಂತಿರುವ ಚಿಕ್ಕ ಅಂಗಡಿಯೊಂದರ ಮುಂದೆ ತುಪ್ಪದ ಘಮ ಕಾಲು ನಿಲ್ಲಿಸುತ್ತದೆ. ಅದು ಗುರು ಸ್ವೀಟ್ ಮಾರ್ಟ್. ನಡೆಸುತ್ತಿರುವವರು ಕಾಕಾಸುರ ಮಾದಪ್ಪನವರ ಮರಿಮಕ್ಕಳು.

ಮಾದಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಬಾಣಸಿಗರು. ದೊರೆಯ ಊಟಕ್ಕೊಂದು ಸಿಹಿ ಬೇಕಾದಾಗ ಕಡಲೆಹಿಟ್ಟು, ತುಪ್ಪ, ಸಕ್ಕರೆ ಕೂಡಿಸಿ ಹೊಸದೊಂದನ್ನು ಮಾಡಿದರಂತೆ. ಹೆಸರೇನೆಂದು ಕೇಳಿದರೆ, ಆ ಕ್ಷಣಕ್ಕೆ ಹೊಳೆದದ್ದು ‘ಮೈಸೂರು ಪಾಕ’. ಊರಿನವರೂ ಸವಿಯಲಿ ಎಂದು ಅರಮನೆಯ ಹೊರಗೆ ಅಂಗಡಿ ಇಡಲು ದೊರೆಯೇ ಹೇಳಿದರಂತೆ. ಇದು ಮನೆಯವರು ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದ ಮಾತು. ಮುತ್ತಜ್ಜನ ನೆನಪು ಉಳಿದಿರುವುದೂ ಹೀಗೆಯೇ.

ಸಾಮಗ್ರಿ ಮೂರೇ. ಕಷ್ಟವೆಲ್ಲ ಹದದಲ್ಲಿದೆ.

ಸಕ್ಕರೆ ಪಾಕ ಎಳೆ ಬರುವಾಗ ಕಡಲೆಹಿಟ್ಟನ್ನು ಗಂಟಾಗದಂತೆ ಬೆರೆಸಬೇಕು. ಕೈ ನಿಲ್ಲಿಸದೆ ಕೆದಕುತ್ತ, ಕಾದ ತುಪ್ಪವನ್ನು ಸೌಟು ಸೌಟಾಗಿ ಸುರಿಯಬೇಕು. ಪ್ರತಿ ಸೌಟಿಗೂ ಮಿಶ್ರಣ ಚೊರ್ರೆಂದು ನೊರೆಯುಕ್ಕುತ್ತದೆ. ತುಂಡಿನೊಳಗೆ ಕಾಣುವ ಜೇನುಗೂಡಿನಂಥ ತೂತುಗಳು ಆ ನೊರೆಯ ಗುರುತು. ತಟ್ಟೆಗೆ ಸುರಿದ ಮೇಲೂ ನಡುವೆ ಬಿಸಿ ಉಳಿಯುವುದರಿಂದ ಅಲ್ಲಿ ಬಣ್ಣ ಕೆಂಪೇರುತ್ತದೆ, ಅಂಚು ಹಳದಿಯಾಗಿಯೇ ಇರುತ್ತದೆ. ಒಂದು ನಿಮಿಷ ತಡವಾದರೆ ಕಲ್ಲು, ಬೇಗ ಇಳಿಸಿದರೆ ಮುದ್ದೆ. ಈ ಹದವನ್ನು ಗಡಿಯಾರ ಹೇಳದು. ಒಲೆಯ ಪಕ್ಕ ಹಿರಿಯರೊಂದಿಗೆ ನಿಂತು ನೊರೆಯ ಸದ್ದು, ಹಿಟ್ಟಿನ ಪರಿಮಳ ಬದಲಾಗುವುದನ್ನು ಗಮನಿಸಿದವರಿಗೇ ಅದು ಕೈಹಿಡಿಯುವುದು.

ಇನ್ನೂ ಬೆಚ್ಚಗಿರುವಾಗಲೇ ತುಂಡು ಹಾಕುತ್ತಾರೆ.