ಬಾಸ್ ಸತ್ತಿದ್ದು ಮೆಟ್ಟಿನಿಂದ

1/8
ಇವತ್ತಿನ ಸರಣಿ ಉದ್ದ ಇದೆ, ಬಿಡುವಾದಾಗ ಓದಿ. ಎಂಟು ಪೋಸ್ಟ್ ಆಗುತ್ತೆ.

ಹೋದ ಶುಕ್ರವಾರ ರಾತ್ರಿ ಒಂದೂವರೆ ಗಂಟೆ. ಕೊಳ್ಳೇಗಾಲದಲ್ಲಿ ಫ್ರೆಂಡ್ ರೂಮಲ್ಲಿ ಅವನ ಕಂಪ್ಯೂಟರ್ ಮುಂದೆ ಕೂತಿದ್ದೆ. ಗೇಮ್ 'ಗಾಡ್ ಆಫ್ ವಾರ್'. ಎದುರಿಗೆ ಸಿಗ್ರುನ್, ವಾಲ್ಕಿರಿಗಳ ರಾಣಿ. ಆಡಿದವರಿಗೆ ಗೊತ್ತು, ಮುಖ್ಯ ಕಥೆ ಮುಗಿಸಿದೋರೂ ಇವಳ ಹತ್ರ ಬಂದು ಮಣ್ಣು ಮುಕ್ಕುತ್ತಾರೆ. ನಾನು ಮೂವತ್ತೊಂದನೇ ಸಲ ಸತ್ತೆ.

ಮಾರನೇ ದಿನ ಯಳಂದೂರು ಕಡೆ ನಮ್ಮೂರಿಗೆ ಹೋದೆ. ಕಣ್ಣು ಕೆಂಪಾಗಿರೋದು ನೋಡಿ ಅಜ್ಜಿ ಕೇಳಿದ್ರು, 'ಯಾಕ್ಲಾ, ನಿದ್ದೆ ಗೆಟ್ಟಿದ್ದೀಯಾ?' ಒಂದು ರಾಕ್ಷಸಿ ಥರದೋಳನ್ನ ಸೋಲಿಸೋಕಾಗ್ತಿಲ್ಲ ಅಂತ ಹೇಳಿದೆ. ಅಜ್ಜಿ ನಕ್ಕುಬುಟ್ರು. 'ನಮ್ ಮಾದಪ್ಪ ಸ್ರವಣನ್ನ ಹೆಂಗೆ ಹೊಡ್ದ ಗೊತ್ತೇನ್ಲಾ? ಕತ್ತಿ ಮುಟ್ನಿಲ್ಲ ಕನಪ್ಪ. ಎಕ್ಕಡ ಹೊಲಿಸ್ದ.'

ಆ ಮಾತು ತಲೆಯಿಂದ ಹೋಗ್ಲೇ ಇಲ್ಲ. ಅದರ ಹಿಂದೆ ಹೋದಾಗ ಸಿಕ್ಕಿದ್ದನ್ನ ಬರೀತಿದ್ದೀನಿ.

2/8
ಮೊದಲು ಒಂದು ಗೊಂದಲ ಕ್ಲಿಯರ್ ಮಾಡೋಣ. ನಮ್ಮ ಕಡೆ ಬಾಸ್ ಅಂದ್ರೆ ಹೀರೋ. ಆಟೋ ಹಿಂದೆ ಬರೆಸೋದು, ಬರ್ತ್‌ಡೇ ಫ್ಲೆಕ್ಸಲ್ಲಿ ಹಾಕಿಸೋದು ಆ ಬಾಸ್. ಗೇಮಲ್ಲಿ ಬಾಸ್ ಅಂದ್ರೆ ದಾರಿಗೆ ಅಡ್ಡ ನಿಂತಿರೋ ದೊಡ್ಡ ವೈರಿ. ಅವನನ್ನ ಸೋಲಿಸದೆ ಮುಂದಕ್ಕೆ ಹೋಗೋ ಹಾಗಿಲ್ಲ.

ಈ ಐಡಿಯಾಗೂ ಒಂದು ಇತಿಹಾಸ ಇದೆ. 1975ರಲ್ಲಿ ಅಮೆರಿಕದ ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ಗ್ಯಾರಿ ವಿಸನ್‌ಹಂಟ್ ಮತ್ತು ರೇ ವುಡ್ ಅನ್ನೋರು ಪ್ಲೇಟೋ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ 'ಡಿಎನ್‌ಡಿ' ಅಂತ ಒಂದು ಆಟ ಬರೆದ್ರು. ಅದರಲ್ಲಿ ಒಂದು ನಿಧಿ, ಅದನ್ನ ಕಾಯೋಕೆ ಚಿನ್ನದ ಡ್ರ್ಯಾಗನ್. ವಿಡಿಯೋ ಗೇಮ್ ಲೋಕದ ಮೊದಮೊದಲ ಬಾಸ್ ಅಂತ ಹೆಸರು ಬಂದಿರೋದು ಅದಕ್ಕೇ.

1986ರಲ್ಲಿ ಜಪಾನಿನ 'ಲೆಜೆಂಡ್ ಆಫ್ ಝೆಲ್ಡಾ' ಬಂತು. ಅದರಲ್ಲಿ ಡೊಡೊಂಗೋ ಅಂತ ಒಂದು ದೈತ್ಯ ಪ್ರಾಣಿ. ಎದುರಿಂದ ಕತ್ತಿಯಲ್ಲಿ ಎಷ್ಟು ಬಡಿದ್ರೂ ಅದಕ್ಕೇನೂ ಆಗಲ್ಲ. ಬಾಂಬ್ ಇಟ್ಟು ಅದಕ್ಕೇ ನುಂಗಿಸಬೇಕು. ಕೊನೆಯ ಬಾಸ್ ಗ್ಯಾನನ್‌ಗೆ ಬೆಳ್ಳಿ ಬಾಣವೇ ಬೇಕು. 2005ರ 'ಶ್ಯಾಡೋ ಆಫ್ ದ ಕೊಲೋಸಸ್'ನಲ್ಲಿ ಬೆಟ್ಟದಂಥ 16 ದೈತ್ಯರು, ಒಬ್ಬೊಬ್ಬರ ಮೈ ಮೇಲೂ ಹೊಳೆಯೋ ಗುರುತು. ಹತ್ತಿ ಹೋಗಿ ಅಲ್ಲಿಗೇ ಚುಚ್ಚಬೇಕು.

ಮೂರರಲ್ಲೂ ಬರೀ ಬಲದಿಂದ ಕೆಲಸ ಆಗಲ್ಲ. ಅವನ ದುರ್ಬಲ ಜಾಗ ಯಾವುದು ಅಂತ ಹುಡುಕಬೇಕು.

3/8
ಈಗ ನಮ್ಮ ಬೆಟ್ಟಕ್ಕೆ ಬರೋಣ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳುಬೆಟ್ಟ ದಾಟಿದ್ರೆ ಮಲೆ ಮಹದೇಶ್ವರ ಬೆಟ್ಟ. ಎಪ್ಪತ್ತೇಳು ಮಲೆಯ ಒಡೆಯ ಅಂತ ಹಾಡೋದು ಇವನನ್ನೇ. ಇವತ್ತು ಇದು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕು. ಆದ್ರೆ 1956ರ ನವೆಂಬರ್ 1ಕ್ಕೆ ಮುಂಚೆ ಕೊಳ್ಳೇಗಾಲ ಸೀಮೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಸರ್ಕಾರಿ ಕಾಗದ ಯಾವ ಭಾಷೆಯಲ್ಲಿ ಇದ್ರೂ ಮಾದಪ್ಪನ ಕಥೆ ಮಾತ್ರ ಕನ್ನಡದಲ್ಲೇ ಉಳೀತು. ಅದನ್ನ ಉಳಿಸಿದ್ದು ದೇವರಗುಡ್ಡರು. ಒಂದು ಕೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಇನ್ನೊಂದರಲ್ಲಿ ಚಪ್ಪಟೆ ತಾಳ ಹಿಡಿದು ರಾತ್ರಿಯೆಲ್ಲ ಹಾಡೋ ಕಂಸಾಳೆಯವರು.

ಈ ಕಾವ್ಯದ ಭಾಗಗಳಿಗೆ 'ಸಾಲು' ಅಂತಾರೆ. ಶ್ರವಣದೊರೆ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸಂಕಮ್ಮನ ಸಾಲು, ಸರಗೂರಯ್ಯನ ಸಾಲು... ನನಗಂತೂ ಲೆವೆಲ್ ಲಿಸ್ಟ್ ನೋಡಿದ ಹಾಗಾಯ್ತು. ಹೆಬ್ಬಣಿ ಮಾದಯ್ಯ ಮತ್ತು ತಂಡ ಹಾಡಿದ್ದನ್ನ ಕೇಶವನ್ ಪ್ರಸಾದ್ ಅವರು ಸಂಗ್ರಹಿಸಿದ್ರು. ಅದರ ಇಂಗ್ಲಿಷ್ ಅನುವಾದವನ್ನ 2001ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಕಟಿಸಿದೆ. ಅಂದ್ರೆ ನಮ್ಮ ಅಜ್ಜಿ ಒಲೆ ಮುಂದೆ ಹೇಳೋ ಕಥೆ ಓದೋಕೆ ದೆಹಲಿಯವರಿಗೂ ಸಿಗುತ್ತೆ.

4/8
ಬಾಸ್ ಫೈಟ್ ಶುರು.

ಶ್ರವಣ ಬಂಕಾಪುರಿಯ ದೊರೆ. ದೇವತೆಗಳನ್ನೇ ಸೆರೆ ಹಿಡಿದು ಚಾಕರಿಗೆ ಇಟ್ಟುಕೊಂಡವನು. ಇಂಥವನನ್ನ ಕತ್ತಿ ಹಿಡಿದು ಎದುರಿಸಿದ್ರೆ ಗತಿ ಏನು? ಸಿಗ್ರುನ್ ಮುಂದೆ ನನಗಾಗಿದ್ದೇ ಆಗೋದು.

ಅಜ್ಜಿ ಹೇಳೋ ಪ್ರಕಾರ ಮಾದಪ್ಪ ಮೊದಲು ಅವನ ಊರಿಗೆ ಜಂಗಮನ ವೇಷದಲ್ಲಿ, ತಲೆ ತಗ್ಗಿಸಿಕೊಂಡು ಹೋದ. ಹೊಡೆಯೋಕಲ್ಲ, ನೋಡೋಕೆ. ದೊರೆ ಯಾವಾಗ ಏಳ್ತಾನೆ, ಯಾವುದಕ್ಕೆ ಆಸೆ ಪಡ್ತಾನೆ, ಯಾರನ್ನ ಲೆಕ್ಕಕ್ಕೆ ಇಟ್ಟಿಲ್ಲ, ಎಲ್ಲ ನೋಡ್ಕೊಂಡ. ಶ್ರವಣನ ಕಣ್ಣು ಯುದ್ಧ ಮಾಡೋರ ಮೇಲಿತ್ತು. ಕಾಲ ಹತ್ರ ಕೂತು ಕೆಲಸ ಮಾಡೋರ ಮೇಲೆ ಇರ್ಲಿಲ್ಲ. ಅವನ ದುರ್ಬಲ ಜಾಗ ಅದೇ.

ಮಾದಪ್ಪ ಹೋಗಿದ್ದು ಹರಳಯ್ಯನ ಮನೆಗೆ. ಮೆಟ್ಟು ಹೊಲಿಯೋ ಹರಳಯ್ಯ. ಒಂದು ಜೊತೆ ಪಾದರಕ್ಷೆ ಹೊಲಿಸಿದ. ಹೊರಗಿಂದ ನೋಡಿದ್ರೆ ಅಂಥ ಚೆಂದದ ಜೋಡು ಯಾವ ದೊರೆ ಕಾಲಲ್ಲೂ ಇಲ್ಲ. ಒಳಗೆ ಉರಿ ಅಡಗಿದೆ. ಅಜ್ಜಿ ಅದಕ್ಕೆ ಮೇಣ, ಅರಗು ಎಲ್ಲ ಸೇರಿಸ್ತಾರೆ. ದೊರೆ ಕಂಡ, ಆಸೆ ಪಟ್ಟ, ಮೆಟ್ಟಿದ. ಕಾಲಿಂದ ಉರಿ ಹತ್ತಿ ಬೂದಿಯಾದ. ದೇವತೆಗಳಿಗೆ ಬಿಡುಗಡೆ.

ಡೊಡೊಂಗೋ ಬಾಂಬನ್ನ ತಾನೇ ನುಂಗಿ ಸಾಯುತ್ತಲ್ಲ, ಅದೇ ಪ್ಲಾನ್. ಆದ್ರೆ ಝೆಲ್ಡಾಗಿಂತ ಎಷ್ಟೋ ತಲೆಮಾರು ಮುಂಚೆ ನಮ್ಮ ಹಾಡುಗಾರರು ಇದನ್ನ ಬಿಡಿಸಿಟ್ಟಿದ್ರು.

5/8
ಈ ಹರಳಯ್ಯ ಎಲ್ಲಿಂದ ಬಂದ? ನನಗೆ ಇಡೀ ಕಥೆಯಲ್ಲಿ ಕುತೂಹಲ ಹುಟ್ಟಿಸಿದ್ದೇ ಇದು.

12ನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಅನ್ನೋ ಶರಣರಿದ್ರು, ನಮಗೆಲ್ಲ ಗೊತ್ತು. ಅವರ ಕಥೆ ಹೀಗಿದೆ. ದಾರಿಯಲ್ಲಿ ಅವರು ಬಸವಣ್ಣನವರಿಗೆ 'ಶರಣು' ಅಂದ್ರೆ ಬಸವಣ್ಣ 'ಶರಣು ಶರಣಾರ್ಥಿ' ಅಂತ ಹೆಚ್ಚಿಗೆ ತಿರುಗಿ ಕೊಟ್ರು. ಆ ಒಂದು ಮಾತಿನ ಋಣ ತೀರಿಸೋಕೆ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ಒಪ್ಪಿಸಿದ್ರು. ಬಸವಣ್ಣ ಮೆಟ್ಟಲಿಲ್ಲ, ತಲೆ ಮೇಲೆ ಇಟ್ಕೊಂಡ್ರು. ಅದನ್ನ ವಾಪಸ್ ತರೋ ದಾರಿಯಲ್ಲಿ ಮಧುವರಸ ಬಲವಂತವಾಗಿ ಮೆಟ್ಟಿಕೊಂಡ. ಮೆಟ್ಟಿದ ಕೂಡಲೇ ಮೈಯೆಲ್ಲ ಉರಿ. ಕೊನೆಗೆ ಆ ಉರಿ ಆರಿದ್ದು ಹರಳಯ್ಯನ ಮನೆಯ ಚರ್ಮ ನೆನೆಹಾಕೋ ಬಾನಿಯ ನೀರಿನಿಂದ.

ಓದ್ತಾ ಓದ್ತಾ ಮೈ ಜುಮ್ ಅಂತು. ಅದೇ ಹೆಸರು, ಅದೇ ಮೆಟ್ಟು, ಅದೇ ಉರಿ.

ಮುಂದೆ ಇದೇ ಮಧುವರಸರು ಬದಲಾಗಿ ಶರಣರಾದ್ರು. ಅವರ ಮಗಳನ್ನ ಹರಳಯ್ಯನ ಮಗ ಶೀಲವಂತನಿಗೆ ಕೊಟ್ಟು ಮದುವೆ ಆಯ್ತು. ಬ್ರಾಹ್ಮಣರ ಮನೆ ಹುಡುಗಿ, ಮೆಟ್ಟು ಹೊಲಿಯೋರ ಮನೆ ಹುಡುಗ. ಬಿಜ್ಜಳ ಇಬ್ಬರು ಬೀಗರಿಗೂ ಮರಣದಂಡನೆ ಕೊಟ್ಟ. ಕಲ್ಯಾಣ ಹೊತ್ತಿ ಉರೀತು, ಶರಣರು ಚೆದುರಿ ಹೋದ್ರು.

ನನಗನ್ನಿಸೋದು ಇಷ್ಟು. ಕಲ್ಯಾಣದಲ್ಲಿ ದೊರೆ ಗೆದ್ದ, ಹರಳಯ್ಯ ಸತ್ತ. ಆ ನೆನಪು ತೆಂಕಣಕ್ಕೆ ಬಂತು. ನಮ್ಮ ಬೆಟ್ಟದ ಹಾಡಿನಲ್ಲಿ ಅದೇ ಹರಳಯ್ಯ ಮತ್ತೆ ಮೆಟ್ಟು ಹೊಲಿದ. ಈ ಸಲ ಸತ್ತಿದ್ದು ದೊರೆ. ಗೇಮಲ್ಲಿ ಸೋತ ಮೇಲೆ ಅದೇ ಲೆವೆಲ್ ಮತ್ತೆ ಆಡ್ತೀವಲ್ಲ, ಹಾಗೆ.

6/8
ಈ ಪೋಸ್ಟ್‌ನ ಫೋಟೋದಲ್ಲಿ ಇರೋದು ಒಂದು ರಂಪಿಗೆ, ಒಂದು ಉಳಿ, ಹಿಡಿ ಸವೆದಿರೋ ಒಂದು ಸುತ್ತಿಗೆ. ನಮ್ಮ ತಾತನವು.

ಹೌದು, ನಮ್ಮ ತಾತ ಮೆಟ್ಟು ಹೊಲೀತಿದ್ರು. ಫಸ್ಟ್ ಇಯರ್ ಬಿಕಾಂನಲ್ಲಿ ಎಲ್ಲರೂ ಪರಿಚಯ ಮಾಡಿಕೊಳ್ಳುವಾಗ 'ಮನೇಲಿ ಏನ್ ಮಾಡ್ತಾರೆ' ಅಂತ ಒಬ್ರು ಕೇಳಿದ್ರು. 'ವ್ಯವಸಾಯ' ಅಂದೆ. ಅಪ್ಪನಿಗೆ ಮುಕ್ಕಾಲು ಎಕರೆ ಇದೆ, ಪೂರ್ತಿ ಸುಳ್ಳೇನಲ್ಲ. ಆದ್ರೂ ಬೇಕಂತಲೇ ಮುಚ್ಚಿಟ್ಟೆ.

ತಾತ ಸಂತೆಯಿಂದ ಸಂತೆಗೆ ಹೋಗೋರು. ಒಂದು ಸಂತೆಯಲ್ಲಿ ಜನ ಮೆಟ್ಟನ್ನ ಖುಷಿಯಾಗಿ ಕಾಲಿಗೆ ಹಾಕ್ಕೊಂಡು ನೋಡಿ, ದುಡ್ಡನ್ನ ಮಾತ್ರ ಅವರ ಕೈಗೆ ಕೊಡದೆ ನೆಲಕ್ಕೆ ಹಾಕ್ತಿದ್ರಂತೆ. ತಾತ ಇದನ್ನ ಬೈಕೊಂಡು ಹೇಳಿದವರಲ್ಲ. ಬಿಸಿಲು ಜೋರಿತ್ತು ಅನ್ನೋ ಥರ ಹೇಳೋರು. ಕೇಳುವಾಗ ನನಗೆ ಹತ್ತು ವರ್ಷ. ನಾಚಿಕೆ ಆಗಿತ್ತು, ಆ ಜನರ ಮೇಲಲ್ಲ, ತಾತನ ಮೇಲೆ. ಈಗ ಅದನ್ನ ನೆನೆಸಿಕೊಂಡ್ರೆ ಹೊಟ್ಟೆ ಕಿವುಚುತ್ತೆ.

ಕಾಸ್ಟ್ ಅಕೌಂಟಿಂಗ್ ಕ್ಲಾಸಲ್ಲಿ ಕಚ್ಚಾ ಮಾಲು, ಕೂಲಿ, ಮೇಲ್ವೆಚ್ಚ ಅಂತ ಕಾಲಂ ಹಾಕ್ತೀವಿ. ಶ್ರವಣನ ಮೆಟ್ಟಿಗೆ ಹರಳಯ್ಯನ ಕೂಲಿ ಎಷ್ಟು? ಅಜ್ಜಿಯನ್ನ ಕೇಳಿದೆ. 'ಕೂಲಿ ಯಾರ್ ಕೊಟ್ಟಾರಪ್ಪ, ಹಾಡಲ್ಲಿ ಹೆಸ್ರು ಇಟ್ರಲ್ಲ, ಅದೇ' ಅಂದ್ರು.

7/8
ನಮ್ಮ ತಾಲ್ಲೂಕಿನದ್ದೇ ಇನ್ನೊಂದು ವಿಷಯ. ಯಳಂದೂರು ಅಂದ್ರೆ ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಿಕ್ಕ ಊರು ಅಂತ ಓದಿದ್ದೀವಿ. ಅದೇ ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದ್ರೆ ದೊಡ್ಡ ಚರ್ಮದ ಪಾದುಕೆ ಇರುತ್ತೆ, ಸುಮಾರು ಒಂದು ಮುಕ್ಕಾಲು ಅಡಿ ಉದ್ದ. ಸೋಲಿಗರು ಬಾವ ಅಂತ ಕರೆಯೋ ರಂಗಪ್ಪ ರಾತ್ರಿ ಕಾಡೆಲ್ಲ ಸುತ್ತಿ ಅದನ್ನ ಸವೆಸ್ತಾನೆ ಅಂತ ನಂಬಿಕೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಹೊಸ ಜೊತೆ ಒಪ್ಪಿಸೋದು. ಜನ ತಲೆ ಬಗ್ಗಿಸಿ ಆ ಪಾದುಕೆ ಮುಟ್ಟಿಸಿಕೊಳ್ತಾರೆ. ಕಾರಲ್ಲಿ ಬಂದೋರೂ, ಬಸ್ಸಲ್ಲಿ ಬಂದೋರೂ.

ಅದೂ ಚರ್ಮ, ತಾತ ಹೊಲಿದದ್ದೂ ಚರ್ಮ. ಬೆಟ್ಟದ ಮೇಲೆ ಅದು ತಲೆಗೆ ಮುಟ್ಟಿದ್ರೆ ಪುಣ್ಯ. ಕೆಳಗೆ ಸಂತೆಯಲ್ಲಿ ಅದನ್ನ ಹೊಲಿದ ಕೈ ಮುಟ್ಟಿದ್ರೆ ಮೈಲಿಗೆ. ಒಂದೇ ಜಿಲ್ಲೆ, ಒಂದೇ ಜನ.

ಈ ಶನಿವಾರ ಮಾದಪ್ಪನ ಬೆಟ್ಟಕ್ಕೂ ಹೋಗಿ ಬಂದೆ. 2023ರ ಮಾರ್ಚಲ್ಲಿ ಉದ್ಘಾಟನೆ ಆದ 108 ಅಡಿ ಪ್ರತಿಮೆ, ಹುಲಿ ಮೇಲೆ ಕೂತ ಮಾದಪ್ಪ. ಎಲ್ಲರೂ ಸೆಲ್ಫಿ ತಗೊಳ್ತಿದ್ರು, ನಾನೂ ತಗೊಂಡೆ. ಮಾದಪ್ಪನಿಗೆ ಕೈ ಮುಗಿದು, ಹರಳಯ್ಯ ಎಲ್ಲಾದ್ರೂ ಇದ್ದಾನಾ ಅಂತ ಸುತ್ತ ಕಣ್ಣಾಡಿಸಿದೆ. ಕಾಣಲಿಲ್ಲ. ಅಷ್ಟೊತ್ತಿಗೆ ತಾಳುಬೆಟ್ಟದಿಂದ ನಡ್ಕೊಂಡು ಬಂದ ಒಂದು ಗುಂಪು ಉಘೇ ಉಘೇ ಅಂತ ಬಂತು. ಅಷ್ಟೂ ಜನ ಬರಿಗಾಲು.

8/8
ಕೊನೇದು. ಗೇಮ್ ಏನಾಯ್ತು ಅಂತ ಕೇಳೋರಿಗೆ.

ಸಿಗ್ರುನ್ ಹತ್ರ ಹೋಗೋಕೆ ಮುಂಚೆ ಬೇರೆ ಎಂಟು ವಾಲ್ಕಿರಿಗಳನ್ನ ಸೋಲಿಸಿ, ಅವರ ಶಿರಸ್ತ್ರಾಣ ತಂದು ಸಿಂಹಾಸನಗಳ ಮೇಲೆ ಇಡಬೇಕು. ಅದು ಸುಮ್ನೆ ಕೊಟ್ಟ ಕೆಲಸ ಅಲ್ಲ. ಆ ಎಂಟೂ ಜನರ ಏಟುಗಳೇ ಸಿಗ್ರುನ್ ಹತ್ರ ಒಟ್ಟಿಗೆ ಬರ್ತವೆ. ನಾನು ಆತುರದಲ್ಲಿ ಅವನ್ನ ಕಲೀದೆ ದಾಟಿದ್ದೆ. ಈ ಸಲ ಹತ್ತು ಆಟ ಒಂದೇಟೂ ಹೊಡೀದೆ ಬರೀ ತಪ್ಪಿಸಿಕೊಂಡು ನೋಡಿದೆ. 'ವಲ್ಹಾಲಾ' ಅಂತ ಕೂಗಿದ್ರೆ ಮೇಲಕ್ಕೆ ಹಾರಿ ತುಳಿಯೋಕೆ ಬರ್ತಾಳೆ, ಆಗ ಪಕ್ಕಕ್ಕೆ ಉರುಳಬೇಕು. ಕಿವಿ ಕೊಟ್ಟಿದ್ರೆ ಮೊದಲೇ ಗೊತ್ತಾಗ್ತಿತ್ತು. ನಲವತ್ತೇಳನೇ ಸಲಕ್ಕೆ ಬಿದ್ಲು. ಫ್ರೆಂಡ್ ಕೂಗಾಡಿದ್ದಕ್ಕೆ ಓನರ್ ಆಂಟಿ ಎದ್ದು ಬಂದು ಬೈದ್ರು.

ಯಾರಿಗಾದ್ರೂ ಟಿಪ್ಸ್ ಬೇಕಿದ್ರೆ ಇಷ್ಟೇ. ಮೊದಲು ನೋಡಿ, ಆಮೇಲೆ ಹೊಡೀರಿ. ವೈರಿ ಯಾರನ್ನ ಲೆಕ್ಕಕ್ಕೆ ಇಟ್ಟಿಲ್ಲ ಅಂತ ಹುಡುಕಿ. ಗೆದ್ದ ಮೇಲೆ ಆಯುಧ ಮಾಡಿಕೊಟ್ಟವರ ಹೆಸರು ಹೇಳಿ. ಈ ಮೂರನೇದನ್ನ ಯಾವ ಗೇಮೂ ನನಗೆ ಕಲಿಸ್ಲಿಲ್ಲ.

ಫಸ್ಟ್ ಇಯರಲ್ಲಿ ನನ್ನ ಕೇಳಿದ್ದ ಕ್ಲಾಸ್‌ಮೇಟ್ ಇದನ್ನ ಓದ್ತಿದ್ರೆ, ಉತ್ತರ ತಿದ್ದಿಕೊಳ್ತಿದ್ದೀನಿ. ಅಪ್ಪ ವ್ಯವಸಾಯ ಮಾಡ್ತಾರೆ. ತಾತ ಮೆಟ್ಟು ಹೊಲೀತಿದ್ರು, ಬಹಳ ಚೆನ್ನಾಗಿ ಹೊಲೀತಿದ್ರು.

ನಿಮ್ಮ ಮನೇಲಿ ಅಜ್ಜಿನೋ ತಾತನೋ ಇದ್ರೆ ಇವತ್ತೇ ಕೇಳಿ, ಶ್ರವಣ ಹೆಂಗೆ ಸತ್ತ ಅಂತ. ಒಬ್ಬೊಬ್ರು ಒಂದೊಂದು ಥರ ಹೇಳ್ತಾರೆ. ಅವರು ಹೇಳಿದ್ದನ್ನ ಕಾಮೆಂಟಲ್ಲಿ ಹಾಕಿ. ಹನೂರು ಕಡೆಯವರದ್ದಕ್ಕೆ ಕಾಯ್ತಿರ್ತೀನಿ, ಹಾಡೋರು ಅಲ್ಲೇ ಜಾಸ್ತಿ.

#ಮಾದಪ್ಪ #ಶ್ರವಣದೊರೆಸಾಲು #ಹರಳಯ್ಯ #ಕಂಸಾಳೆ #ಕೊಳ್ಳೇಗಾಲ #ಹನೂರು #ಯಳಂದೂರು #ಗೇಮಿಂಗ್‌ಕನ್ನಡ