ಒಂಬುಡ್ಸ್‌ಮನ್‌ನಿಂದ ಲೋಕಪಾಲನವರೆಗೆ: ಅಹವಾಲಿನ ಇತಿಹಾಸ

ಆಡಳಿತವೇ ತಪ್ಪಿದಾಗ ಪ್ರಜೆ ಎಲ್ಲಿ ಮೊರೆಯಿಡಬೇಕು? ನ್ಯಾಯಾಲಯಕ್ಕೆ ಹೋಗಲು ಹಣ, ಕಾಲ ಎರಡೂ ಬೇಕು; ಮೇಲಧಿಕಾರಿಗೆ ದೂರಿತ್ತರೆ ಆತನೂ ಅದೇ ಇಲಾಖೆಯವನು. ಈ ಎರಡರ ನಡುವಣ ತೆರವನ್ನು ತುಂಬಲು ರೂಪುಗೊಂಡ ಸಂಸ್ಥೆಯೇ ಒಂಬುಡ್ಸ್‌ಮನ್.

ಸ್ವೀಡಿಷ್ ಭಾಷೆಯ ಈ ಪದಕ್ಕೆ ಪ್ರತಿನಿಧಿ ಎಂದರ್ಥ. ಯಾರ ಪ್ರತಿನಿಧಿ ಎಂಬುದರಲ್ಲಿ ಅದರ ಚರಿತ್ರೆ ಅಡಗಿದೆ. ಪೋಲ್ಟಾವಾ ಯುದ್ಧದಲ್ಲಿ ಸೋತು ತುರ್ಕರ ಆಶ್ರಯದಲ್ಲಿದ್ದ ದೊರೆ ಹನ್ನೆರಡನೆಯ ಚಾರ್ಲ್ಸ್, ದೂರದ ತನ್ನ ಅಧಿಕಾರಿಗಳ ಮೇಲೆ ಕಣ್ಣಿಡಲು 1713ರಲ್ಲಿ ಈ ಬಗೆಯ ಹುದ್ದೆಯನ್ನು ಸೃಷ್ಟಿಸಿದನು. ಆಗ ಅದು ಅರಸನ ಪ್ರಾತಿನಿಧ್ಯ. 1809ರ ಸಂವಿಧಾನವಾದರೋ ಸಂಸತ್ತೇ ಆರಿಸುವ, ಅರಸನಿಗೆ ಅಧೀನನಲ್ಲದ ಒಂಬುಡ್ಸ್‌ಮನ್‌ನನ್ನು ನೆಲೆಗೊಳಿಸಿತು. 1919ರ ಸಂವಿಧಾನದ ಮೂಲಕ ಫಿನ್ಲೆಂಡ್, 1955ರಲ್ಲಿ ಡೆನ್ಮಾರ್ಕ್, 1962ರಲ್ಲಿ ನ್ಯೂಜಿಲೆಂಡ್ ಇದೇ ಹಾದಿ ಹಿಡಿದವು. ಡೆನ್ಮಾರ್ಕಿನ ಒಂಬುಡ್ಸ್‌ಮನ್ ಸರ್ಕಾರದ ಆದೇಶವನ್ನು ರದ್ದುಪಡಿಸಲಾರ. ಆದರೆ ಕಡತ ತರಿಸಬಲ್ಲ, ವಿವರಣೆ ಕೇಳಬಲ್ಲ, ತನ್ನ ಅಭಿಪ್ರಾಯವನ್ನು ಬಹಿರಂಗಪಡಿಸಬಲ್ಲ. ಉತ್ತರ ಕೊಡಲೇಬೇಕಾದ ಸ್ಥಿತಿಗೆ ಅಧಿಕಾರಿಯನ್ನು ತರುವುದೇ ಅವನ ಬಲ.

ಭಾರತದಲ್ಲಿ 1963ರಲ್ಲಿ ಸಂಸದ ಲಕ್ಷ್ಮೀಮಲ್ಲ ಸಿಂಘ್ವಿ ಈ ಸಂಸ್ಥೆಗೆ 'ಲೋಕಪಾಲ' ಎಂಬ ಹೆಸರನ್ನು ಸೂಚಿಸಿದರು. ದಿಕ್ಕುಗಳನ್ನು ಕಾಯುವ ದೇವತೆಗಳಿಗೆ ಸಲ್ಲುತ್ತಿದ್ದ ಪ್ರಾಚೀನ ಪದವೊಂದು ಹೀಗೆ ಪ್ರಜಾಪ್ರಭುತ್ವದ ಪರಿಭಾಷೆಗೆ ಬಂದಿತು. 1966ರಲ್ಲಿ ಆಡಳಿತ ಸುಧಾರಣಾ ಆಯೋಗವು ನಾಗರಿಕರ ಅಹವಾಲುಗಳ ಪರಿಹಾರವನ್ನೇ ವಿಷಯವಾಗಿಸಿದ ವರದಿಯಲ್ಲಿ ಲೋಕಪಾಲ, ಲೋಕಾಯುಕ್ತರ ನೇಮಕವನ್ನು ಶಿಫಾರಸು ಮಾಡಿತು. 1968ರ ಮಸೂದೆ ಲೋಕಸಭೆಯ ಒಪ್ಪಿಗೆ ಪಡೆದರೂ ಸಭೆಯ ವಿಸರ್ಜನೆಯೊಡನೆ ಬಿದ್ದುಹೋಯಿತು. ಕೊನೆಗೆ ಸಂಸತ್ತಿನ ಒಪ್ಪಿಗೆ ದೊರೆತದ್ದು 2013ರಲ್ಲಿ. ಮೊದಲ ಲೋಕಪಾಲರ ನೇಮಕ 2019ರಲ್ಲಿ.

ಈ ದೀರ್ಘ ಪಯಣದಲ್ಲಿ ಒಂದು ಮುಖ್ಯಾಂಶ ಕಳಚಿಬಿದ್ದಿತು. 2013ರ ಲೋಕಪಾಲನ ವ್ಯಾಪ್ತಿ ಭ್ರಷ್ಟಾಚಾರದ ದೂರುಗಳಿಗೆ ಸೀಮಿತ. ಕರ್ನಾಟಕದ 1984ರ ಲೋಕಾಯುಕ್ತ ಕಾಯಿದೆಯಾದರೋ 'ಆಪಾದನೆ'ಯ ಜೊತೆಗೆ 'ಅಹವಾಲ'ನ್ನೂ, ಅಂದರೆ ದುರಾಡಳಿತದಿಂದ ವ್ಯಕ್ತಿಗಾದ ಅನ್ಯಾಯ ಅಥವಾ ಸಂಕಷ್ಟವನ್ನೂ, ವಿಚಾರಣೆಗೆ ಅರ್ಹವೆಂದು ಮನ್ನಿಸಿದೆ. ಈ ಭೇದ ಕೇವಲ ಪಾರಿಭಾಷಿಕವಲ್ಲ. ಲಂಚ ಮುಟ್ಟದ ಅಧಿಕಾರಿಯೂ ವಿಧವೆಯ ಪಿಂಚಣಿಯನ್ನು ವರ್ಷಗಟ್ಟಲೆ ತಡೆದಿಡಬಲ್ಲ. ಅಲ್ಲಿ ಅಪರಾಧವಿಲ್ಲದಿರಬಹುದು, ಹಕ್ಕಿಗೆ ಚ್ಯುತಿಯಂತೂ ಇದೆ. ಭ್ರಷ್ಟರನ್ನು ಶಿಕ್ಷಿಸುವುದು ರಾಜ್ಯದ ಹೊಣೆ, ನೊಂದವರ ಮಾತಿಗೆ ಉತ್ತರ ಕೊಡಿಸುವುದು ಒಂಬುಡ್ಸ್‌ಮನ್‌ನ ಮೂಲಧರ್ಮ. ರಾಷ್ಟ್ರಮಟ್ಟದಲ್ಲಿ ಆ ಮೂಲಧರ್ಮಕ್ಕೆ ಲೋಕಪಾಲ ಕಾಯಿದೆಯಲ್ಲಿ ಇನ್ನೂ ಸ್ಥಾನ ದೊರೆತಿಲ್ಲ.