ಸೇವಕ ನಾಯಕತ್ವದ ಫಲ ಯಾರಿಗೆ? ಮಧುರೈ ಮತ್ತು ಬೆಂಗಳೂರಿನ ಎರಡು ನಿದರ್ಶನಗಳು

ಕೆಲಸದ ಜಾಗದಲ್ಲಿ ಸೇವಕ ನಾಯಕತ್ವದಿಂದ, ಅಂದರೆ ಕೈಕೆಳಗಿನವರ ಸೇವೆಯನ್ನೇ ಮೊದಲ ಕರ್ತವ್ಯವೆಂದು ಕಾಣುವ ನಾಯಕತ್ವದಿಂದ, ಏನು ಲಾಭ ಎಂಬ ಪ್ರಶ್ನೆಗೆ ಆಡಳಿತಶಾಸ್ತ್ರ ಕಳೆದ ಎರಡು ದಶಕಗಳಲ್ಲಿ ಸಾಕಷ್ಟು ಉತ್ತರ ಕೊಟ್ಟಿದೆ. ಆ ಲಾಭ ಯಾರಿಗೆ ಸೇರಿತು ಎಂದು ಮಾತ್ರ ಅಷ್ಟು ನಿಷ್ಠುರವಾಗಿ ಕೇಳಿಲ್ಲ. ಪರಿಕಲ್ಪನೆಯ ಹುಟ್ಟಿನಲ್ಲೇ ಇದ್ದ ಈ ಎರಡನೆಯ ಪ್ರಶ್ನೆಯನ್ನು ಮತ್ತೆ ಎತ್ತುವುದು ಈ ಲೇಖನದ ಉದ್ದೇಶ.

ಪರಿಕಲ್ಪನೆಯನ್ನು ರೂಪಿಸಿದ ರಾಬರ್ಟ್ ಗ್ರೀನ್‌ಲೀಫ್ (1904–1990) ವಿಶ್ವವಿದ್ಯಾಲಯದಿಂದ ಬಂದವರಲ್ಲ. 1926ರಿಂದ 1964ರವರೆಗೆ ಅಮೆರಿಕದ ದೂರವಾಣಿ ಸಂಸ್ಥೆ ಎಟಿ ಅಂಡ್ ಟಿಯಲ್ಲಿ ದುಡಿದವರು. 1970ರಲ್ಲಿ ಪ್ರಕಟವಾದ ಅವರ ಪ್ರಬಂಧಕ್ಕೆ ಹರ್ಮನ್ ಹೆಸ್ಸೆಯ ಕಿರುಕಾದಂಬರಿಯೊಂದು ಪ್ರೇರಣೆ. ಅದರಲ್ಲಿ ಯಾತ್ರಿಕರ ಚಾಕರಿ ಮಾಡುತ್ತಿದ್ದ ಲಿಯೋ ಕಾಣೆಯಾದೊಡನೆ ತಂಡವೇ ಚದುರಿಹೋಗುತ್ತದೆ. ಗ್ರೀನ್‌ಲೀಫ್ ಒಡ್ಡಿದ ಪರೀಕ್ಷೆ ಬಲು ಕಠಿಣವಾದದ್ದು: ಸೇವೆ ಪಡೆದವರು ಬೆಳೆದರೇ, ಹೆಚ್ಚು ಸ್ವತಂತ್ರರಾದರೇ, ಎಲ್ಲರಿಗಿಂತ ಕೆಳಗಿರುವವರ ಪಾಡು ಏನಾಯಿತು ಎಂಬುದನ್ನು ಅದು ಕೇಳುತ್ತದೆ. ನಾಯಕ ಎಷ್ಟು ವಿನಯಶೀಲ ಎಂಬುದಲ್ಲ ಅಲ್ಲಿನ ವಿಚಾರ.

ಮುಂದಿನ ಸಂಶೋಧನೆ ಹೆಚ್ಚಾಗಿ ನಾಯಕನತ್ತಲೇ ಮುಖ ಮಾಡಿತು. 2008ರಲ್ಲಿ ಲಿಡೆನ್ ಮತ್ತು ಸಂಗಡಿಗರು 28 ಪ್ರಶ್ನೆಗಳ ಅಳತೆಗೋಲನ್ನು ಸಿದ್ಧಪಡಿಸಿದರು. 2011ರಲ್ಲಿ ವಾನ್ ಡಿರೆಂಡಾಂಕ್ ಮತ್ತು ನೊಯಿಟೆನ್ 30 ಪ್ರಶ್ನೆಗಳ ಇನ್ನೊಂದನ್ನು ತಂದರು. ನಿಮ್ಮ ಮೇಲಧಿಕಾರಿ ಹೇಗೆ ನಡೆದುಕೊಳ್ಳುತ್ತಾರೆ ಎಂದು ನೌಕರರನ್ನು ಕೇಳುವುದು ಎರಡಕ್ಕೂ ಸಮಾನ ವಿಧಾನ. ಇದರಿಂದ ಗಟ್ಟಿ ಫಲಿತಾಂಶಗಳೂ ದೊರೆತಿವೆ. 71 ಉಪಾಹಾರಗೃಹಗಳ 961 ನೌಕರರನ್ನು ಒಳಗೊಂಡ 2014ರ ಅಧ್ಯಯನವು, ವ್ಯವಸ್ಥಾಪಕರ ಸೇವಾಭಾವ ಇಡೀ ಶಾಖೆಗೆ ಹರಡುತ್ತದೆಂದೂ ಅಂಥ ಕಡೆ ಕೆಲಸದ ಗುಣಮಟ್ಟ ಮೇಲಾಗಿರುತ್ತದೆಂದೂ ತೋರಿಸಿತು. ಇದನ್ನು ಕಡೆಗಣಿಸುವಂತಿಲ್ಲ. ಆದರೂ ಮೇಲಧಿಕಾರಿಯ ಒಳ್ಳೆಯ ನಡತೆಯೇ ಕೈಕೆಳಗಿನವರ ಬೆಳವಣಿಗೆಯಲ್ಲ. ಗುಮಾಸ್ತರ ಮನೆಯ ಕಷ್ಟಸುಖ ವಿಚಾರಿಸುವ ಅಧಿಕಾರಿಯೇ ಅವರನ್ನು ಇಪ್ಪತ್ತು ವರ್ಷ ಅದೇ ಮೇಜಿನ ಮುಂದೆ ಕೂರಿಸಿರಬಹುದು; ಪ್ರಶ್ನಾವಳಿಯಲ್ಲಿ ಆ ಅಧಿಕಾರಿಗೆ ಒಳ್ಳೆಯ ಅಂಕವೂ ಬಂದೀತು.

ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆ ಈ ಕಾರಣಕ್ಕೆ ಗಮನಾರ್ಹ. ಡಾ. ಗೋವಿಂದಪ್ಪ ವೆಂಕಟಸ್ವಾಮಿಯವರು ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ, 1976ರಲ್ಲಿ, 11 ಹಾಸಿಗೆಗಳೊಂದಿಗೆ ಅದನ್ನು ಆರಂಭಿಸಿದರು. ಯೌವನದಲ್ಲೇ ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದರೂ ಅದೇ ಕೈಗಳಿಂದ ಶಸ್ತ್ರಚಿಕಿತ್ಸೆ ಕಲಿತವರು ಅವರು. ಅವರ ತ್ಯಾಗದ ಕುರಿತು ಬರೆದವರು ಬಹಳ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅವರು ಕಟ್ಟಿದ ಕೆಲಸದ ವ್ಯವಸ್ಥೆ. ಹಳ್ಳಿಗಳ ಯುವತಿಯರನ್ನು ಶಾಲಾ ವ್ಯಾಸಂಗ ಮುಗಿದ ಮೇಲೆ ಆಯ್ದು, ಎರಡು ವರ್ಷ ತರಬೇತಿ ಕೊಟ್ಟು, ದೃಷ್ಟಿ ಪರೀಕ್ಷೆ, ರೋಗಿಗೆ ತಿಳಿವಳಿಕೆ ಹೇಳುವುದು, ಶಸ್ತ್ರಚಿಕಿತ್ಸೆಯ ಪೂರ್ವಸಿದ್ಧತೆ ಇವನ್ನೆಲ್ಲ ಅವರ ಕೈಗೆ ಒಪ್ಪಿಸಲಾಗುತ್ತದೆ. ಒಂದು ಮೇಜಿನಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಪಕ್ಕದ ಮೇಜಿನಲ್ಲಿ ಮುಂದಿನ ರೋಗಿ ಸಿದ್ಧರಾಗಿರುತ್ತಾರೆ. ವೈದ್ಯರ ವೇಗವೆಂದು ಲೋಕ ಕೊಂಡಾಡುವುದು ಬಹುಮಟ್ಟಿಗೆ ಈ ಹೆಣ್ಣುಮಕ್ಕಳ ಕೌಶಲ. ಹಣ ತೆರುವವರಿಗೂ ಉಚಿತ ಚಿಕಿತ್ಸೆಯವರಿಗೂ ಅದೇ ವೈದ್ಯರು ಸರದಿಯ ಮೇಲೆ ದುಡಿಯುತ್ತಾರೆ. ಇಲ್ಲಿ ಸೇವಾಭಾವ ಒಬ್ಬರ ಮನೋಧರ್ಮವಾಗಿ ಉಳಿಯದೆ ಕೆಲಸದ ಹಂಚಿಕೆಯಾಗಿ ನೆಲೆಗೊಂಡಿದೆ. 2006ರಲ್ಲಿ ಸ್ಥಾಪಕರು ತೀರಿಕೊಂಡ ನಂತರವೂ ಸಂಸ್ಥೆ ಬೆಳೆದದ್ದಕ್ಕೆ ಇದೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ.

ಹಾಗೆಂದು ಗ್ರೀನ್‌ಲೀಫರ ಪರೀಕ್ಷೆಯಲ್ಲಿ ಅರವಿಂದ ಪೂರ್ತಿ ತೇರ್ಗಡೆಯಾಯಿತೆಂದು ಹೇಳಲಾಗದು. ಹಳ್ಳಿಯ ಯುವತಿಗೆ ಕಸುಬು, ಸಂಪಾದನೆ, ಊರಿನಲ್ಲಿ ಮನ್ನಣೆ ದೊರೆಯುವುದು ನಿಜ. ಆದರೆ ವೈದ್ಯರ ಮತ್ತು ಅವರ ನಡುವಣ ಮೆಟ್ಟಿಲು ಇದ್ದಲ್ಲೇ ಇದೆ. ಸಂಸ್ಥೆಯ ಕಾರ್ಯಕ್ಷಮತೆಯ ಬಗ್ಗೆ ಬಂದಿರುವ ಬರಹಗಳಿಗೆ ಹೋಲಿಸಿದರೆ ಈ ಮಹಿಳೆಯರ ಮುಂದಿನ ಬದುಕಿನ ಬಗ್ಗೆ ಬಂದಿರುವುದು ತೀರ ಕಡಿಮೆ.

ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳ ಮಹಿಳಾ ಕಾರ್ಮಿಕರ ಬಗ್ಗೆ ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ ನ್ಯಾಷಧಮ್ ಎಂಬ ಅರ್ಥಶಾಸ್ತ್ರಜ್ಞರು ನಡೆಸಿದ ಪ್ರಯೋಗ ಲಾಭ ಯಾರಿಗೆ ಎಂಬ ಪ್ರಶ್ನೆಯನ್ನು ಇನ್ನಷ್ಟು ಹರಿತಗೊಳಿಸುತ್ತದೆ. ಅದು ಸೇವಕ ನಾಯಕತ್ವದ ಹೆಸರಿನಲ್ಲಿ ನಡೆದದ್ದಲ್ಲ. ಸಂವಹನ, ಸಮಯಪಾಲನೆ, ಹಣಕಾಸಿನ ತಿಳಿವಳಿಕೆಯಂಥ ವಿಷಯಗಳಲ್ಲಿ ತರಬೇತಿ ಕೊಡುವ ಯೋಜನೆಗೆ ಕಾರ್ಮಿಕರನ್ನು ಚೀಟಿ ಎತ್ತಿದಂತೆ ಆರಿಸಲಾಗಿತ್ತು. ತರಬೇತಾದವರ ಉತ್ಪಾದಕತೆ ಹೆಚ್ಚಿತು. ಸಂಸ್ಥೆಗೆ ಖರ್ಚಿನ ಹಲವು ಪಟ್ಟು ಆದಾಯ ಮರಳಿತು. ಕೂಲಿಯ ಏರಿಕೆ ಮಾತ್ರ ಅತ್ಯಲ್ಪ. ಕೆಳಹಂತದವರನ್ನು ಬೆಳೆಸಿದರೆ ಸಂಸ್ಥೆ ಗೆಲ್ಲುತ್ತದೆ ಎಂಬ ವಾದಕ್ಕೆ ಇದಕ್ಕಿಂತ ಬಲವಾದ ಪುರಾವೆ ಬೇಡ. ಆದರೆ ಗೆಲುವಿನ ಪಾಲು ಬೆಳೆದವರಿಗೇ ಹೋಗಬೇಕೆಂಬ ನಿಯಮವೇನೂ ಅದರಲ್ಲಿ ಅಡಗಿಲ್ಲ.

ಆದ್ದರಿಂದ ಮುಂದಿನ ಅಧ್ಯಯನಗಳು ಮೇಲಧಿಕಾರಿಗೆ ಅಂಕ ಕೊಡಿಸುವ ಪ್ರಶ್ನಾವಳಿಯ ಜೊತೆಗೆ ಸಂಬಳದ ಪಟ್ಟಿ, ಬಡ್ತಿಯ ದಾಖಲೆಗಳನ್ನೂ ಓದಬೇಕು. ಕೆಲಸ ಬಿಟ್ಟವರನ್ನು ಹುಡುಕಿ, ಅಲ್ಲಿ ಕಲಿತದ್ದು ಮುಂದೆ ಅವರಿಗೆ ಯಾವ ದಾರಿ ತೆರೆಯಿತೆಂದು ಅವರನ್ನೇ ಕೇಳಬೇಕು.